ಗ್ರ್ಯಾಂಡ್ ಕೇಮನ್, ಬೆಲೀಜ್: ಮಂಡಿನೋವಿರುವ ಅಮ್ಮನನ್ನು ಟೆಂಡರ್ ದೋಣಿಯಲ್ಲಿ ದಡಕ್ಕೆ ಕರೆದೊಯ್ಯಬಹುದೇ?

ನೀಲಿಕಡಲು (ಪ್ರಶ್ನೆ):
ಡಿಸೆಂಬರ್ ಕೊನೆಯ ವಾರ ಮಯಾಮಿಯಿಂದ ಹೊರಡುವ ಪಶ್ಚಿಮ ಕೆರಿಬಿಯನ್ ಹಡಗು ಪ್ರವಾಸಕ್ಕೆ, ಮೈಸೂರಿನಿಂದ ಬರಲಿರುವ ತಂದೆತಾಯಿಯರನ್ನೂ ಸೇರಿಸಿ ಟಿಕೆಟ್ ಕಾಯ್ದಿರಿಸಿದ್ದೇವೆ. ಕೋಝುಮೆಲ್‌ನಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಗ್ರ್ಯಾಂಡ್ ಕೇಮನ್ ಮತ್ತು ಬೆಲೀಜ್ ಸಿಟಿಗಳಲ್ಲಿ ಮಾತ್ರ ಕಡಲಲ್ಲೇ ಲಂಗರು ಹಾಕಿ, ಪ್ರಯಾಣಿಕರನ್ನು ಟೆಂಡರ್ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆಂದು ಕಾರ್ಯಕ್ರಮಪಟ್ಟಿಯಲ್ಲಿದೆ. ಅಮ್ಮನಿಗೆ ಮಂಡಿನೋವಿದೆ, ಕೋಲು ಹಿಡಿದು ನಡೆಯುತ್ತಾರೆ. ಹಡಗು ದಡದಿಂದ ಎಷ್ಟು ದೂರ ನಿಲ್ಲುತ್ತದೆ, ದೋಣಿಗೆ ಇಳಿಯುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಲಂಗರು:
ಈ ಎರಡೂ ಬಂದರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ಜಾರ್ಜ್‌ಟೌನ್ ಪಟ್ಟಣದ ಎದುರಿಗೇ ನಿಲ್ಲುತ್ತದೆ. ದ್ವೀಪದ ಸುತ್ತ ಕಡಲತಳ ದಡದ ಸಮೀಪದಲ್ಲೇ ಥಟ್ಟನೆ ಆಳಕ್ಕೆ ಜಾರುವುದರಿಂದ, ಲಂಗರು ಹಾಕಲು ಸಿಗುವ ಜಾಗ ಆ ಕಿರಿದಾದ ಅಂಚಷ್ಟೇ. ದೋಣಿ ಪ್ರಯಾಣ ಕೆಲವೇ ನಿಮಿಷಗಳದ್ದು. ಅಲ್ಲಿ ಸಾಮಾನ್ಯವಾಗಿ ಹಡಗಿನ ಜೀವರಕ್ಷಕ ದೋಣಿಗಳ ಬದಲು ಸ್ಥಳೀಯರ ದೊಡ್ಡ ದೋಣಿಗಳು ಬರುತ್ತವೆ, ಅವು ಅಷ್ಟಾಗಿ ಓಲಾಡುವುದಿಲ್ಲ.

ನಿಜವಾದ ಪ್ರಶ್ನೆ ಗಾಳಿಯದು. ಕೆರಿಬಿಯನ್‌ನಲ್ಲಿ ವರ್ಷದ ಬಹುಭಾಗ ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುವುದರಿಂದ ದ್ವೀಪಗಳ ಪಶ್ಚಿಮದ ಮಗ್ಗುಲು ಶಾಂತವಾಗಿರುತ್ತದೆ, ಜಾರ್ಜ್‌ಟೌನ್ ಇರುವುದೂ ಆ ಮಗ್ಗುಲಲ್ಲೇ. ಆದರೆ ಚಳಿಗಾಲದಲ್ಲಿ ಉತ್ತರ ಅಮೆರಿಕದಿಂದ ತಂಪುಗಾಳಿ ಇಳಿದು, ಸ್ಥಳೀಯರು ನಾರ್‌ವೆಸ್ಟರ್ ಎಂದು ಕರೆಯುವ ವಾಯವ್ಯದ ಗಾಳಿ ಎದ್ದಿತೆಂದರೆ, ಅದೇ ಮಗ್ಗುಲಿಗೆ ಅಲೆಗಳು ನೇರವಾಗಿ ಬಂದು ಅಪ್ಪಳಿಸುತ್ತವೆ. ಆಗ ಹಡಗುಗಳು ದಕ್ಷಿಣ ತೀರದ ಸ್ಪಾಟ್ಸ್ ಎಂಬಲ್ಲಿಗೆ ಹೋಗಿ ಪ್ರಯಾಣಿಕರನ್ನು ಇಳಿಸುತ್ತವೆ. ಅಲ್ಲಿಯೂ ಆಗದಿದ್ದರೆ ಕಪ್ತಾನರು ಆ ನಿಲುಗಡೆಯನ್ನೇ ಕೈಬಿಡುತ್ತಾರೆ. ನೀವು ಹೋಗುತ್ತಿರುವುದು ಡಿಸೆಂಬರ್‌ನಲ್ಲಾದ್ದರಿಂದ ಇದಕ್ಕೂ ಮನಸ್ಸನ್ನು ಸಿದ್ಧಮಾಡಿಕೊಂಡಿರಿ.

ದಕ್ಷಿಣದಿಕ್ಕು:
ಬೆಲೀಜ್ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿನ ತೊಂದರೆ ಅಲೆಯದಲ್ಲ, ದೂರದ್ದು. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹವಳದ ತಡೆದಿಬ್ಬ ಆ ತೀರದುದ್ದಕ್ಕೂ ಚಾಚಿಕೊಂಡಿದೆ; ಅದರ ಒಳಗಿನ ನೀರು ನಗರದ ಕಡೆಗೆ ಬಂದಂತೆ ಎಷ್ಟು ತೆಳುವಾಗುತ್ತದೆಂದರೆ, ಎಂಟು ಮೀಟರ್‌ನಷ್ಟು ತಳ ಮುಳುಗಿಸಿಕೊಂಡು ತೇಲುವ ಹಡಗು ಹತ್ತಿರ ಸುಳಿಯುವಂತೆಯೇ ಇಲ್ಲ. ಹಾಗಾಗಿ ಅದು ಹಲವು ಕಿಲೋಮೀಟರ್ ಆಚೆ ನಿಲ್ಲುತ್ತದೆ, ದಡದ ಕಟ್ಟಡಗಳು ಅಲ್ಲಿಂದ ಒಂದು ಗೆರೆಯಂತೆ ಕಾಣುತ್ತವೆ ಅಷ್ಟೆ. ಸ್ಥಳೀಯ ವೇಗದ ದೋಣಿಗಳು ಸುಮಾರು 20 ನಿಮಿಷಗಳಲ್ಲಿ ಪ್ರವಾಸಿ ಗ್ರಾಮವೆಂಬ ಅಂಗಡಿಸಾಲಿನ ಧಕ್ಕೆಗೆ ಮುಟ್ಟಿಸುತ್ತವೆ. ನೀರು ಸಿಡಿಯುತ್ತದೆ, ಆಸನಗಳು ಗಟ್ಟಿ. ಆಮೇಲೆ ಮಾಯಾ ಅವಶೇಷಗಳನ್ನು ನೋಡಬೇಕೆಂದರೆ ಬಸ್ಸಿನಲ್ಲಿ ದೀರ್ಘ ಪ್ರಯಾಣ ಬೇರೆ ಇದೆ. ಮಂಡಿನೋವಿರುವವರಿಗೆ ಇಷ್ಟೆಲ್ಲ ಬೇಕೇ ಎಂದು ನನಗಂತೂ ಅನುಮಾನ.

ಇಳಿಯುವ ಕ್ರಮ ಹೀಗಿದೆ: ಹಡಗಿನ ಕೆಳ ಅಂತಸ್ತಿನಲ್ಲಿ ಬಾಗಿಲು ತೆರೆದಿರುತ್ತದೆ, ದೋಣಿ ಅದರ ಪಕ್ಕದಲ್ಲಿ ಏರಿಳಿಯುತ್ತಿರುತ್ತದೆ. ಇಬ್ಬರು ಸಿಬ್ಬಂದಿ ನಿಮ್ಮ ಎರಡೂ ಮುಂಗೈಗಳನ್ನು ಬಿಗಿಯಾಗಿ ಹಿಡಿದು, ದೋಣಿ ಬಾಗಿಲಿನ ಮಟ್ಟಕ್ಕೆ ಬರುವವರೆಗೆ ತಡೆದು, ಬಂದ ಕ್ಷಣದಲ್ಲಿ ಹೆಜ್ಜೆಯಿಡಲು ಹೇಳುತ್ತಾರೆ. ಆ ಒಂದು ಹೆಜ್ಜೆಯನ್ನು ಹಿಂಜರಿಯದೆ ತಾವೇ ಇಡಬಲ್ಲವರಿಗೆ ಸಮಸ್ಯೆಯಿಲ್ಲ. ಎತ್ತಿ ಇಳಿಸುವ ಏರ್ಪಾಟು ಇರುವುದಿಲ್ಲವೆಂದೇ ತಿಳಿಯಿರಿ.

ಅತಿಥಿ:
ಇಷ್ಟು ಶ್ರೀಮಂತ ದ್ವೀಪವಾದ ಕೇಮನ್ ಒಂದು ಧಕ್ಕೆ ಕಟ್ಟಿಕೊಳ್ಳದಿರುವುದೇಕೆ ಎಂದು ಯಾರಿಗಾದರೂ ತಿಳಿದಿದೆಯೇ?

ಲಂಗರು:
ಹಣದ ಕೊರತೆಯಿಂದಲ್ಲ, ಅಲ್ಲಿನ ಜನ ಒಪ್ಪದ ಕಾರಣದಿಂದ. ಧಕ್ಕೆಗಾಗಿ ಬಂದರಿನ ಹೂಳೆತ್ತಿದರೆ ಹವಳ ಹಾಳಾಗುತ್ತದೆಂಬ ವಾದ ಬಹುಕಾಲದ್ದು. 2025ರ ಏಪ್ರಿಲ್ 30ರಂದು ಸಾರ್ವತ್ರಿಕ ಚುನಾವಣೆಯ ಜೊತೆಗೇ ನಡೆದ ಜನಮತಗಣನೆಯಲ್ಲಿ ಮತದಾರರು ಈ ಯೋಜನೆಯನ್ನು ತಿರಸ್ಕರಿಸಿದರು. ಅತ್ತ ಲಂಗರಿನ ಸರಪಳಿಯೂ ಹವಳವನ್ನು ಉಜ್ಜಿ ಹಾಕುತ್ತದೆ ಎನ್ನುವುದು ಸುಳ್ಳಲ್ಲ. ಆದರೂ ಜಗತ್ತಿನ ಅತಿ ದೊಡ್ಡ ಪ್ರವಾಸಿ ಹಡಗುಗಳ ಸಾಲಿಗೆ ಸೇರುವ, ಐದಾರು ಸಾವಿರ ಪ್ರಯಾಣಿಕರನ್ನು ಹೊತ್ತ ಓಯಸಿಸ್ ವರ್ಗದವು, ದೋಣಿಯಲ್ಲಿ ಜನರನ್ನು ಸಾಗಿಸಬೇಕಾದ ಬಂದರುಗಳಿಂದ ದೂರವೇ ಉಳಿಯುತ್ತವೆಂಬುದನ್ನು ನೋಡಿದರೆ, ಆ ಪುಟ್ಟ ಪಟ್ಟಣದ ಮಟ್ಟಿಗೆ ಅವರ ತೀರ್ಮಾನ ಸರಿಯೆಂದೇ ನನ್ನ ಅನಿಸಿಕೆ.

ನೀಲಿಕಡಲು:
ಎಲ್ಲರಿಗೂ ಧನ್ಯವಾದಗಳು. ಬೆಲೀಜ್‌ನಲ್ಲಿ ಅಮ್ಮ ಅಪ್ಪನೊಂದಿಗೆ ಹಡಗಿನಲ್ಲೇ ಇರಲಿ, ನಾವಿಬ್ಬರು ಹೋಗಿಬರುತ್ತೇವೆ. ಕೇಮನ್‌ನಲ್ಲಿ ಕಡಲು ಶಾಂತವಾಗಿದ್ದರೆ ನಾಲ್ವರೂ ಇಳಿಯುವ ಯೋಚನೆಯಿದೆ. ಹಡಗಿನವರ ಪ್ರವಾಸಗಳಿಗೆ ಬೆಲೆ ಹೆಚ್ಚು, ಹೊರಗಿನವರಲ್ಲಿ ಕಾಯ್ದಿರಿಸಬಹುದೇ?

ದಕ್ಷಿಣದಿಕ್ಕು:
ಕಾಯ್ದಿರಿಸಬಹುದು, ಆದರೆ ಹಡಗು ನಿಲ್ಲದೆ ಹೋದರೆ ಹಣ ಮರಳಿಸುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಹಡಗಿನ ಮೂಲಕ ಪ್ರವಾಸ ಕೊಂಡವರಿಗೆ ಮೊದಲ ದೋಣಿಗಳಲ್ಲಿ ಜಾಗ ಸಿಗುತ್ತದೆ. ಉಳಿದವರು ಟೆಂಡರ್ ಚೀಟಿ ಪಡೆದು ಸರದಿಗಾಗಿ ಕಾಯಬೇಕಾಗುವುದರಿಂದ, ಬೆಳಗಿನ ಮೊದಲ ಗಂಟೆಯಲ್ಲಿ ಯಾವ ಟ್ಯಾಕ್ಸಿಯನ್ನೂ ಗೊತ್ತುಮಾಡಬೇಡಿ.

ಇನ್ನೊಂದು ಮಾತು. ಚಳಿಗಾಲದಲ್ಲಿ ಮಯಾಮಿ, ಕೋಝುಮೆಲ್, ಕೇಮನ್ ಮೂರರ ಗಡಿಯಾರವೂ ಒಂದೇ. ಬೆಲೀಜ್ ಮಾತ್ರ ಒಂದು ಗಂಟೆ ಹಿಂದಿರುತ್ತದೆ. ಹಡಗು ಮಯಾಮಿಯ ಸಮಯವನ್ನೇ ಉಳಿಸಿಕೊಂಡಿದ್ದರೆ, ದಡದಲ್ಲಿ ನಿಮ್ಮ ಫೋನು ಮೂರು ಗಂಟೆ ತೋರಿಸುವಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಕೊನೆಯ ದೋಣಿಯ ಸಮಯವನ್ನು ಹಡಗಿನ ಗಡಿಯಾರದಂತೆ ಬರೆದುಕೊಂಡು, ಫೋನಿನ ಸಮಯವನ್ನು ಕೈಯಾರೆ ಹೊಂದಿಸಿಯೇ ದೋಣಿ ಹತ್ತಿ.