ಓದುಗರ ಸ್ಪಂದನ: ‘ಮಲಗಿ ಎದ್ದರೂ ದಣಿವು ಇಳಿಯುವುದಿಲ್ಲ’

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಉಪನ್ಯಾಸಕಿಯೊಬ್ಬರು ತಮ್ಮ ಅಳಲು ತೋಡಿಕೊಂಡಿದ್ದರು. ಎರಡು ವರ್ಷಗಳ ಹಿಂದೆ ಬಂದ ಜ್ವರ ಬಿಟ್ಟರೂ ಅದರ ಬೆನ್ನಿಗೆ ಬಂದ ಆಯಾಸ ಬಿಟ್ಟಿಲ್ಲ. ವೈದ್ಯರು ಅದನ್ನು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ಆಯಾಸದ ರೋಗ, ಎಂದಿದ್ದಾರೆ, ಗಂಡನೂ ಅತ್ತೆಯೂ ಮೈಗಳ್ಳತನ ಎನ್ನುತ್ತಾರೆ. ಕೆಲಸ ಬಿಡಲೇ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜಿಗಿಂತ ಮನೆಯ ಕಡೆಗೇ ತಿರುಗಿವೆ.

*

ನಾನು ಈ ಪತ್ರವನ್ನು ಆ ತಾಯಿಗಲ್ಲ, ಆಕೆಯ ಯಜಮಾನರಿಗೆ ಬರೆಯುತ್ತಿದ್ದೇನೆ. 2006ರಲ್ಲಿ ನಮ್ಮ ಭಾಗದಲ್ಲೆಲ್ಲ ಚಿಕುನ್‌ಗುನ್ಯಾ ಹರಡಿದಾಗ ನನ್ನ ಹೆಂಡತಿಯೂ ಹಾಸಿಗೆ ಹಿಡಿದಳು. ಕೀಲುನೋವು ಕೆಲವು ತಿಂಗಳಲ್ಲಿ ತಗ್ಗಿತು, ದಣಿವು ಮಾತ್ರ ವರ್ಷಗಟ್ಟಲೆ ಉಳಿಯಿತು. ಯುಗಾದಿಗೆ ನಿಂತು ಹೋಳಿಗೆ ಬೇಯಿಸುತ್ತಿದ್ದಳು, ಬಂದವರೊಡನೆ ನಗುತ್ತ ಮಾತನಾಡುತ್ತಿದ್ದಳು, ಮರುದಿನ ಮಧ್ಯಾಹ್ನದಿಂದ ಮೂರು ದಿನ ಏಳುತ್ತಿರಲಿಲ್ಲ. ‘ನಿನ್ನೆ ಇದ್ದ ಶಕ್ತಿ ಇವತ್ತು ಎಲ್ಲಿ ಹೋಯಿತು?’ ಎಂದು ನಾನು ನೆಂಟರ ಎದುರಿಗೇ ಕೇಳಿದ್ದುಂಟು. ಶ್ರಮಪಟ್ಟ ಮೇಲೆ ಹನ್ನೆರಡು ತಾಸಿನಿಂದ ಎರಡು ದಿನದೊಳಗೆ ದೇಹ ಹೀಗೆ ಕುಸಿಯುವುದೇ ಈ ರೋಗದ ಮುಖ್ಯ ಗುರುತೆಂದು ವೈದ್ಯನಾಗಿರುವ ನನ್ನ ಅಳಿಯ ಬಹಳ ತಡವಾಗಿ ತಿಳಿಸಿದ. ನಾನು ಹಂಗಿಸಲು ಆಡಿದ ಮಾತಿನಲ್ಲೇ ರೋಗದ ಲಕ್ಷಣವಿತ್ತು.

ಅಷ್ಟಕ್ಕೇ ನಿಲ್ಲದೆ, ವ್ಯಾಯಾಮವಿಲ್ಲದ್ದರಿಂದಲೇ ಹೀಗಾಗಿದೆಯೆಂದು ದಿನವೂ ಬೆಳಿಗ್ಗೆ ಅವಳನ್ನು ನಡೆಸಿಕೊಂಡು ಹೋಗುತ್ತಿದ್ದೆ, ವಾರಕ್ಕೊಮ್ಮೆ ದೂರವನ್ನೂ ಹೆಚ್ಚಿಸುತ್ತಿದ್ದೆ. ಆಗ ಅನೇಕ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಸಂಸ್ಥೆ 2021ರಲ್ಲಿ ಈ ಬಗೆಯ ಏರಿಕೆಯ ವ್ಯಾಯಾಮವನ್ನು ಚಿಕಿತ್ಸೆಯಾಗಿ ಕೊಡಕೂಡದೆಂದು ಮಾರ್ಗಸೂಚಿ ಹೊರಡಿಸುವ ಹೊತ್ತಿಗೆ ನನ್ನವಳು ಬೇರೊಂದು ಕಾಯಿಲೆಯಿಂದ ತೀರಿಕೊಂಡಿದ್ದಳು. ಅವಳಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಸಿಗಲಿಲ್ಲ. ಯಜಮಾನರೇ, ನಿಮಗೆ ಇನ್ನೂ ಇದೆ.
— ನಿವೃತ್ತ ಶಿಕ್ಷಕ, ಹೊಳಲ್ಕೆರೆ

*

ನಮ್ಮ ಎಣ್ಣೆ ಗಿರಣಿಯಲ್ಲಿ ಶೇಂಗಾ ಚೀಲ ಹೊರುವ ಹಮಾಲರಿಗೂ ದಣಿವಾಗುತ್ತದೆ. ಅವರು ಪತ್ರಿಕೆಗೆ ಬರೆಯುವುದಿಲ್ಲ.
— ಚಳ್ಳಕೆರೆ

*

ಈ ಪತ್ರದಲ್ಲಿ ಒಂದಕ್ಷರವನ್ನೂ ನಾವು ತೆಗೆದಿಲ್ಲ. ರಾತ್ರಿಯ ನಿದ್ದೆಯಿಂದ ಇಳಿಯುವ ದಣಿವಿಗೂ ಇಳಿಯದ ದಣಿವಿಗೂ ಇರುವ ಅಂತರವನ್ನು ಮುಂದಿನವರು ವಿವರಿಸಿದ್ದಾರೆ.

*

ಉಪನ್ಯಾಸಕಿಯವರು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆಗಳ ಪರೀಕ್ಷೆ ಮಾಡಿಸಿದ್ದಾರೆಯೇ ಎಂಬುದನ್ನು ಬರೆದಿಲ್ಲ. ಮಾಡಿಸಿರದಿದ್ದರೆ ಮೊದಲು ಅದಾಗಲಿ, ಏಕೆಂದರೆ ಇವುಗಳಿಗೆ ಔಷಧವಿದೆ. ಆದರೆ ಕ್ರಾನಿಕ್ ಫಟೀಗ್ ಸಿಂಡ್ರೋಮನ್ನೇ ತೋರಿಸಿಕೊಡುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಆರು ತಿಂಗಳಿಗೂ ಮೀರಿದ ಆಯಾಸ, ಶ್ರಮದ ನಂತರದ ಕುಸಿತ, ಎಷ್ಟು ಮಲಗಿದರೂ ಹಗುರಾಗದ ಮೈ, ಇವುಗಳ ಜೊತೆಗೆ ಮಂಕು ಕವಿದ ಬುದ್ಧಿಯೋ ಎದ್ದುನಿಂತಾಗ ಹೆಚ್ಚುವ ತಲೆಸುತ್ತೋ ಇದ್ದರೆ ವೈದ್ಯರು ಗುರುತಿಸುತ್ತಾರೆ. ವರದಿಯಲ್ಲಿ ಎಲ್ಲ ‘ನಾರ್ಮಲ್’ ಎಂದು ಬಂದ ಕೂಡಲೇ ಮನೆಯವರು ರೋಗಿಯ ಮೇಲೆ ಅನುಮಾನಪಡುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.
— ಶುಶ್ರೂಷಕಿ, ಹರಿಹರ

*

ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಇವರೊಬ್ಬರೇ.

*

ಈಗಲೇ ರಾಜೀನಾಮೆ ಕೊಡಬೇಡಿ, ಪಾಠದ ಅವಧಿಗಳನ್ನು ಕಡಿಮೆ ಮಾಡಿಕೊಡುವಂತೆ ವೈದ್ಯರ ಪತ್ರದೊಡನೆ ಪ್ರಾಂಶುಪಾಲರನ್ನು ಕೇಳಿ. ಇದೇ ರೋಗವಿರುವ ನಾನು ಪಾಠವನ್ನು ಕುಳಿತೇ ಹೇಳುತ್ತೇನೆ, ಎರಡು ಅವಧಿಗಳ ನಡುವೆ ಕಣ್ಣುಮುಚ್ಚಿ ಒರಗುತ್ತೇನೆ, ತರಕಾರಿಯನ್ನೂ ಕುಳಿತೇ ಹೆಚ್ಚುತ್ತೇನೆ. ಮೈ ಹಗುರಾಗಿದೆ ಎನಿಸಿದ ದಿನವೇ ಹೆಚ್ಚು ಎಚ್ಚರ ಬೇಕು. ಅಂಥ ಒಂದು ಭಾನುವಾರ ಉಳಿದ ಕೆಲಸವನ್ನೆಲ್ಲ ಮುಗಿಸಿಬಿಡುವ ಆಸೆಗೆ ಬಿದ್ದು ಎರಡು ವಾರ ಮಲಗಿದ್ದೇನೆ. ಹೀಗೆ ಇದ್ದುದರಲ್ಲಿ ಹಂಚಿಕೊಂಡು ನಡೆದರೆ ರೋಗ ವಾಸಿಯಾಗುತ್ತದೆಂದು ಹೇಳಲಾರೆ, ಆದರೆ ಕುಸಿತಗಳು ಕಡಿಮೆಯಾಗಿವೆ.
— ಶಿಕ್ಷಕಿ, ಚಿತ್ರದುರ್ಗ

*

ಹೊಳಲ್ಕೆರೆಯ ಪತ್ರದ ಮೂಲಪ್ರತಿಯನ್ನು ಉಪನ್ಯಾಸಕಿಯವರ ಮನೆಗೆ, ಅವರ ಅನುಮತಿ ಪಡೆದು, ಯಜಮಾನರ ಹೆಸರಿಗೆ ಕಳುಹಿಸಿದ್ದೇವೆ.
— ಸಂ.