ರೀಡೈರೆಕ್ಟ್‌ಗೆ ಒಂದೇ ಪದ ಸಾಕೇ?

ಗೆಳೆಯರಿಗೆ ಮಡಿಕೇರಿಯಿಂದ ನಮಸ್ಕಾರ.

ನಮ್ಮ ಕಚೇರಿಯ ಮೇಲ್ ಸರ್ವರನ್ನು ಹಳೆಯ ಫ್ರೀಬಿಎಸ್‌ಡಿ (ಯುನಿಕ್ಸ್ ಬಗೆಯ ಒಂದು ಕಾರ್ಯಾಚರಣ ವ್ಯವಸ್ಥೆ) ಯಂತ್ರದಿಂದ ಹೊಸ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಯಂತ್ರಕ್ಕೆ ಸಾಗಿಸುತ್ತಿದ್ದೇವೆ. ಮುಂದೆ ಅದನ್ನು ನೋಡಿಕೊಳ್ಳುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ರೀಡೈರೆಕ್ಟ್ (ಒಂದು ಕಡೆಗೆ ಹೊರಟಿದ್ದನ್ನು ಇನ್ನೊಂದು ಕಡೆಗೆ ಕಳಿಸುವುದು) ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಮರುನಿರ್ದೇಶನ, ಪುನರ್ನಿರ್ದೇಶನ ಎಂಬ ಪದಗಳನ್ನು ಓದಿ ಗೊತ್ತು. ಆದರೆ ಇಂಗ್ಲಿಷಿನಲ್ಲಿ ಈ ಒಂದು ಪದ ಮೂರು ಬೇರೆ ಬೇರೆ ಕೆಲಸಕ್ಕೆ ನಿಲ್ಲುತ್ತದೆ. ಮೂರಕ್ಕೂ ಒಂದೇ ಕನ್ನಡ ಪದ ಹಾಕಿದರೆ ಓದುವವರಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ.

ಮೊದಲನೆಯದು ಟ್ರಾಫಿಕ್, ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿ. 25ನೇ ಪೋರ್ಟಿಗೆ (ಯಂತ್ರದಲ್ಲಿ ಮೇಲ್ ಬರುವ ಬಾಗಿಲು ಅನ್ನಿ) ಬರುವ ಮೇಲ್ ಸಂಪರ್ಕವನ್ನು ಇನ್ನೊಂದು ಕಡೆಗೆ ಕಳಿಸಬೇಕು. ಫ್ರೀಬಿಎಸ್‌ಡಿಯ ಪಿಎಫ್ ಎಂಬ ಫೈರ್‌ವಾಲ್‌ನಲ್ಲಿ ಆರ್‌ಡಿಆರ್ ಎಂಬ ಒಂದೇ ಬಗೆಯ ನಿಯಮದಿಂದ ಅದೇ ಯಂತ್ರದ ಬೇರೆ ಪೋರ್ಟಿಗೂ ಕಳಿಸಬಹುದು, ಬೇರೆ ಯಂತ್ರಕ್ಕೂ ಕಳಿಸಬಹುದು. ಲಿನಕ್ಸಿನಲ್ಲಿ ಫೈರ್‌ವಾಲ್ ನಿಯಮ ಬರೆಯುವ ಐಪಿಟೇಬಲ್ಸ್‌ನಲ್ಲಿ ಹಾಗಲ್ಲ. ಅಲ್ಲಿ ರೀಡೈರೆಕ್ಟ್ ಅಂದರೆ ಅದೇ ಯಂತ್ರದೊಳಗೆ ಮಾತ್ರ. ಬೇರೆ ಯಂತ್ರಕ್ಕಾದರೆ ಡಿಎನ್‌ಎಟಿ ಎಂಬ ಬೇರೆ ನಿಯಮ ಬೇಕು. ಹಾಗಾಗಿ ರೀಡೈರೆಕ್ಟ್ ಅಂತ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೂ ಗೊಂದಲ ಹೋಗುವುದಿಲ್ಲ. ಇಲ್ಲಿಗೆ ‘ತಿರುಗಿಸು’ ಸರಿ ಅನಿಸುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿದರು ಅಂತಲೇ ಅಲ್ವಾ ನಾವು ಹೇಳುವುದು? ‘ಒಳಗೇ ತಿರುಗಿಸು’, ‘ಹೊರಗೆ ತಿರುಗಿಸು’ ಅಂದರೆ ಆ ಎರಡು ನಿಯಮಗಳ ವ್ಯತ್ಯಾಸವೂ ಸಿಗುತ್ತದೆ.

ಎರಡನೆಯದು ಪತ್ರ. ಇದರ ಬಗ್ಗೆ ನನಗೆ ಜಾಸ್ತಿ ಯೋಚನೆ. ಮೇಲ್ ಸಾಗಿಸಲು ಸರ್ವರುಗಳು ಪಾಲಿಸುವ ಎಸ್‌ಎಂಟಿಪಿಯಲ್ಲಿ, 1982ರ ನಿಯಮಾವಳಿಯಿಂದಲೂ, ಪತ್ರ ಪಡೆಯುವ ಸರ್ವರ್ ಕೊಡುವ ಎರಡು ಉತ್ತರ ಸಂಖ್ಯೆಗಳಿವೆ. 251 ಅಂದರೆ, ‘ಅವರು ಇಲ್ಲಿಲ್ಲ, ನಾನೇ ಅವರಿಗೆ ತಲುಪಿಸುತ್ತೇನೆ’. 551 ಅಂದರೆ, ‘ಅವರು ಇಲ್ಲಿಲ್ಲ, ಈ ವಿಳಾಸಕ್ಕೆ ನೀವೇ ಕಳಿಸಿ ನೋಡಿ’. ಮೊದಲನೆಯದರಲ್ಲಿ ಪತ್ರದ ಹೊಣೆ ಸರ್ವರಿನದ್ದು. ಎರಡನೆಯದರಲ್ಲಿ ಪತ್ರ ಇನ್ನೂ ಕಳಿಸಿದವರ ಕೈಯಲ್ಲೇ ಇದೆ. ಪತ್ರ ಕಳೆದುಹೋಯಿತು ಅಂತ ಯಾರಾದರೂ ದೂರು ತಂದಾಗ ಮೊದಲು ನೋಡಬೇಕಾದದ್ದೇ ಇದನ್ನು. 251ಕ್ಕೆ ‘ದಾಟಿಸು’, 551ಕ್ಕೆ ‘ದಾರಿ ಹೇಳು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ದಾಟಿಸು ಎಂಬುದನ್ನು ರಿಲೇಗೂ (ಒಂದು ಸರ್ವರ್ ಪತ್ರವನ್ನು ಇನ್ನೊಂದು ಸರ್ವರಿಗೆ ಸಾಗಿಸುವುದಕ್ಕೂ) ಬಳಸಿದರೆ ಗೋಜಲಾಗುತ್ತದಾ, ಹೇಳಿ.

ಮೂರನೆಯದು ಶೆಲ್, ಅಂದರೆ ನಾವು ಬರೆದ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ. ಆಜ್ಞೆಯ ಔಟ್‌ಪುಟ್ಟನ್ನು ಪರದೆಯ ಬದಲು ಫೈಲಿಗೆ ಕಳಿಸುವುದಕ್ಕೂ ರೀಡೈರೆಕ್ಟ್ ಅನ್ನುತ್ತಾರೆ. ಇಲ್ಲಿ ‘ತಿರುಗಿಸು’ ಕೂಡ ಸಾಲದು. > ಎಂಬ ಗುರುತು ಫೈಲಿನಲ್ಲಿ ಮೊದಲಿದ್ದದ್ದನ್ನು ಅಳಿಸಿ ಬರೆಯುತ್ತದೆ. >> ಕೊನೆಗೆ ಸೇರಿಸುತ್ತದೆ. ಎರಡಕ್ಕೂ ಮರುನಿರ್ದೇಶನ ಅಂದರೆ, ಅಳಿಸುವ ವಿಷಯವೇ ಮರೆಯಾಗುತ್ತದೆ. ಅದಕ್ಕೇ ‘ಅಳಿಸಿ ಬರೆ’, ‘ಕೊನೆಗೆ ಸೇರಿಸು’ ಅಂತ ಬಿಡಿಸಿ ಹೇಳುವುದೇ ಒಳ್ಳೆಯದು.

ಇನ್ನೊಂದು ತೊಡಕು &> ಗುರುತಿನದು. ಬ್ಯಾಶ್ ಎಂಬ ಶೆಲ್‌ನಲ್ಲಿ ಇದು ಔಟ್‌ಪುಟ್ಟನ್ನೂ ದೋಷದ ಸಂದೇಶಗಳನ್ನೂ ಒಟ್ಟಿಗೆ ಫೈಲಿಗೆ ಬರೆಯುತ್ತದೆ. ಡೆಬಿಯನ್‌ನಲ್ಲಿ ಎಸ್‌ಎಚ್ ಎಂಬ ಹೆಸರಿನಿಂದ ಓಡುವ ಶೆಲ್ ಅಂದರೆ ಡ್ಯಾಶ್. ಅದು & ಕಂಡ ಕೂಡಲೇ ಆ ಆಜ್ಞೆಯನ್ನು ಹಿನ್ನೆಲೆಯಲ್ಲಿ ಓಡಲು ಬಿಡುತ್ತದೆ, ಉಳಿದ > ಗುರುತಿನಿಂದ ಫೈಲನ್ನು ಖಾಲಿ ಮಾಡುತ್ತದೆ. ದೋಷ ಅಂತ ಏನೂ ಹೇಳುವುದಿಲ್ಲ. ಲಾಗ್ ಮಾತ್ರ ಖಾಲಿ. ಫೈಲಿನ ಹೆಸರಿನ ನಂತರ 2>&1 ಅಂತ ಬರೆದರೆ ಎರಡೂ ಕಡೆ ನಡೆಯುತ್ತದೆ. ಪಠ್ಯ ತಿದ್ದುವ ಸೆಡ್ ಆಜ್ಞೆಯ, ಫೈಲನ್ನೇ ನೇರವಾಗಿ ಬದಲಿಸುವ ಐ ಆಯ್ಕೆಯೂ (-i) ಇಂಥದ್ದೇ: ಲಿನಕ್ಸಿನಲ್ಲಿ ಹಾಗೇ ಸಾಕು, ಫ್ರೀಬಿಎಸ್‌ಡಿಯಲ್ಲಿ ಅದರ ನಂತರ ಬ್ಯಾಕಪ್ ಫೈಲಿನ ಹೆಸರಿಗೆ ಸೇರಿಸುವ ಬಾಲವನ್ನೋ ಖಾಲಿ ಉದ್ಧರಣ ಚಿಹ್ನೆಯನ್ನೋ ಕೊಡಬೇಕು.

ಹೀಗೆ ಎಲ್ಲ ಯುನಿಕ್ಸ್‌ಗಳಲ್ಲೂ ಓಡುವ ಸ್ಕ್ರಿಪ್ಟನ್ನು ಪೋರ್ಟಬಲ್ ಅನ್ನುತ್ತಾರೆ. ‘ಒಯ್ಯಬಹುದಾದ’ ಇಲ್ಲಿಗೆ ಒಗ್ಗುವುದಿಲ್ಲ. ಒಯ್ಯಲು ಯಾವ ಸ್ಕ್ರಿಪ್ಟೂ ಭಾರವಲ್ಲ, ಅಲ್ಲಿ ಹೋಗಿ ನಡೆಯಬೇಕು. ‘ಎಲ್ಲ ಕಡೆ ನಡೆಯುವ’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಪದ ಇದ್ದರೆ ಬೇಕು, ಯಾಕೆಂದರೆ ತಲೆಬರಹದಲ್ಲಿ ಹಿಡಿಸುತ್ತಿಲ್ಲ.

ನೀವು ಕೆಲಸದ ಜಾಗದಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತೀರಿ? ನಿಘಂಟಿನ ಪದಕ್ಕಿಂತ ಅದೇ ನನಗೆ ಬೇಕಾಗಿರುವುದು. ಮುಖ್ಯವಾಗಿ 251 ಮತ್ತು 551ಕ್ಕೆ.