ಖಾಸಗಿ ಸೈಡಿಂಗ್‌ಗೆ ಸುರಕ್ಷತಾ ನಿರ್ವಹಣಾ ವ್ಯವಸ್ಥೆ: ಯಾವ ನಿಯಮ ಅನ್ವಯ?

ಪ್ರಶ್ನೆ (ತೋರಣಗಲ್ಲು, ಬಳ್ಳಾರಿ ಜಿಲ್ಲೆ)
ಕಾರ್ಖಾನೆಯೊಂದರ ರೈಲು ಸೈಡಿಂಗ್‌ನಲ್ಲಿ (ಮುಖ್ಯ ಮಾರ್ಗದಿಂದ ಕವಲೊಡೆದ ಖಾಸಗಿ ಹಳಿ) ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸುವ ಕೆಲಸದ ಗುತ್ತಿಗೆ ಹಿಡಿದಿರುವ ಸಂಸ್ಥೆಯಲ್ಲಿ ನಾನು ಸುರಕ್ಷತಾ ಮೇಲ್ವಿಚಾರಕ. ಮೂರು ತಿಂಗಳೊಳಗೆ ‘ಸುರಕ್ಷತಾ ನಿರ್ವಹಣಾ ವ್ಯವಸ್ಥೆ’ಯ (ಅಪಾಯಗಳನ್ನು ಗುರುತಿಸಿ, ಹೊಣೆ ಹಂಚಿ, ನಿಗಾ ಇಡುವ ಲಿಖಿತ ಕ್ರಮ) ಕಡತ ಸಿದ್ಧವಾಗಬೇಕೆಂದು ಮುಖ್ಯ ಕಚೇರಿ ಸೂಚಿಸಿದ್ದು, ಯೂರೋಪ್ ಒಕ್ಕೂಟದ 2018/762 ಸಂಖ್ಯೆಯ ನಿಯಮವನ್ನು ಆಧರಿಸಿದ 120 ಪುಟಗಳ ಮಾದರಿಯೊಂದನ್ನೂ ಕಳುಹಿಸಿದೆ. ಆ ನಿಯಮ ನಮಗೆ ಅನ್ವಯಿಸುತ್ತದೆಯೇ? ನಮ್ಮ ರೈಲ್ವೆ ಕಾಯ್ದೆ, 1989ರಲ್ಲಿ ‘ಸುರಕ್ಷತಾ ನಿರ್ವಹಣಾ ವ್ಯವಸ್ಥೆ’ ಎಂಬ ಅಧ್ಯಾಯವೇ ನನಗೆ ಸಿಗಲಿಲ್ಲ. ಮಾದರಿಯಲ್ಲಿ ಸಂಸ್ಥೆಯ ಹೆಸರು ಬದಲಿಸಿ ಕೊಟ್ಟರಾಯಿತು ಎನ್ನುವ ಸಹೋದ್ಯೋಗಿಗಳಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1 (ನಿವೃತ್ತ ಸ್ಟೇಷನ್ ಮಾಸ್ಟರ್, ಕೊಪ್ಪಳ)
ಅನ್ವಯಿಸುವುದಿಲ್ಲ. ಆ ನಿಯಮದ ಮೊದಲನೆಯ ಅನುಬಂಧ ಅಲ್ಲಿ ರೈಲು ಓಡಿಸುವ ಸಂಸ್ಥೆಗಳಿಗೆ, ಎರಡನೆಯದು ಹಳಿ ನೋಡಿಕೊಳ್ಳುವವರಿಗೆ. ನಿಮಗೆ ಬೇಕಾದವು ರೈಲ್ವೆಯೊಂದಿಗಿನ ಸೈಡಿಂಗ್ ಒಪ್ಪಂದ, ರೈಲು ಸಂಚಾರದ 1976ರ ಸಾಮಾನ್ಯ ನಿಯಮಗಳು, ಅವುಗಳಿಗೆ ನಿಮ್ಮ ರೈಲ್ವೆ ವಲಯ ಸೇರಿಸಿರುವ ಪೂರಕ ನಿಯಮಗಳು. ಬಳ್ಳಾರಿ, ಕೊಪ್ಪಳ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿವೆ. ರಾಯಚೂರು ಈ ವಲಯದ್ದಲ್ಲವಾದ್ದರಿಂದ ಅಲ್ಲಿನ ಗೆಳೆಯರ ಪೂರಕ ನಿಯಮಗಳನ್ನು ನಕಲು ಮಾಡಿಕೊಳ್ಳಬೇಡಿ.

ಹಾಗೆಂದು ಮಾದರಿಯನ್ನು ಮೂಲೆಗೆಸೆಯಲೂ ಬೇಡ. ಗುತ್ತಿಗೆದಾರರು ಹಾಗೂ ಬದಲಾವಣೆಯ ನಿರ್ವಹಣೆ ಕುರಿತು ಅದರ ಐದನೆಯ ಭಾಗದಲ್ಲಿರುವುದು ನಿಮ್ಮಂಥ ಕಡೆಗೇ ಹೇಳಿ ಬರೆಸಿದಂತಿದೆ. ಸಾಮಾನ್ಯ ನಿಯಮ 5.23ರ ಪ್ರಕಾರ ನಿಲ್ದಾಣದಲ್ಲಿ ನಿಂತ ವ್ಯಾಗನ್‌ಗಳನ್ನು ಭದ್ರಪಡಿಸಿರುವುದನ್ನು ಸ್ಟೇಷನ್ ಮಾಸ್ಟರ್ ನೋಡಿಕೊಳ್ಳಬೇಕು. ನಿಮ್ಮ ಗೇಟಿನ ಒಳಗೆ ಸ್ಟೇಷನ್ ಮಾಸ್ಟರ್ ಇಲ್ಲ. ಆ ಹೊಣೆ ಯಾವ ಪಾಳಿಯಲ್ಲಿ ಯಾರದು ಎಂಬುದನ್ನು ಹುದ್ದೆಯ ಸಮೇತ ಬರೆಯುವುದೇ ನಿಮ್ಮ ಕಡತದ ಮೊದಲ ಪುಟವಾಗಲಿ.

ಕೆನಡಾದ ಲಾಕ್ ಮೆಗಾಂಟಿಕ್ ದುರಂತವನ್ನು ಓದಿ. 2013ರ ಜುಲೈ 6ರಂದು, ಇಳಿಜಾರಿನಲ್ಲಿ ರಾತ್ರಿ ನಿಲ್ಲಿಸಿ ಹೋಗಿದ್ದ 72 ಕಚ್ಚಾತೈಲ ಟ್ಯಾಂಕರ್‌ಗಳ ರೈಲು ತಾನಾಗಿ ಉರುಳಿ ಪಟ್ಟಣದೊಳಗೆ ಹಳಿ ತಪ್ಪಿ 47 ಜನ ಸತ್ತರು. ಹಾಕಿದ್ದು ಏಳೇ ಹ್ಯಾಂಡ್‌ಬ್ರೇಕ್, ಅಷ್ಟು ಸಾಲದಾಗಿತ್ತು. ಎಂಜಿನ್‌ಗೆ ಹತ್ತಿದ ಬೆಂಕಿ ಆರಿಸುವಾಗ ಅದನ್ನು ಬಂದ್ ಮಾಡಿದ್ದರಿಂದ ಗಾಳಿಯ ಒತ್ತಡ ಸೋರಿ ಉಳಿದ ಬ್ರೇಕೂ ಸಡಿಲವಾಯಿತು. ಆ ಕಂಪನಿ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು 2002ರಲ್ಲೇ ಬರೆದಿಟ್ಟಿತ್ತು. ಜಾರಿಗೆ ತರಲು ಆರಂಭಿಸಿದ್ದು 2010ರಲ್ಲಿ, ಅಪಘಾತದ ಹೊತ್ತಿಗೂ ಅದು ಸರಿಯಾಗಿ ನಡೆಯುತ್ತಿರಲಿಲ್ಲವೆಂದು ತನಿಖೆ ಹೇಳಿತು. ಹೆಸರು ಬದಲಿಸಿದರಾಯಿತು ಎನ್ನುವವರ ಮುಂದೆ ಆ ತನಿಖಾ ವರದಿಯನ್ನು ಇಡಿ.

ಉತ್ತರ 2 (ರಾಯಚೂರು)
ಮೇಲಿನ ಮಾತಿಗೆ ನನ್ನದೊಂದು ತಕರಾರು: ಹೊಣೆ ಬರೆದರಷ್ಟೇ ಸಾಲದು. ನಾನು ಹಿಂದೆ ದುಡಿದ ಕಲ್ಲಿದ್ದಲು ಸೈಡಿಂಗ್‌ನಲ್ಲಿ ಒಮ್ಮೆ ಬೆಳಗಿನ ಪಾಳಿಗೆ ಬಂದಾಗ ಮೂರು ವ್ಯಾಗನ್‌ಗಳಿಗೆ ಸರಪಳಿ ಸುತ್ತಿತ್ತು, ಬೀಗ ಮಾತ್ರ ತೆರೆದು ನೇತಾಡುತ್ತಿತ್ತು. ಬೀಗದ ಕೈ ಹಿಂದಿನ ಪಾಳಿಯವನ ಜೇಬಿನಲ್ಲೇ ಮನೆ ಸೇರಿತ್ತು. ರಿಜಿಸ್ಟರ್‌ನಲ್ಲಿ ‘ಭದ್ರಪಡಿಸಲಾಗಿದೆ’ ಎಂಬ ಸಹಿ ಮುದ್ದಾಗಿಯೇ ಇತ್ತು. ಪಾಯಿಂಟ್ಸ್‌ಮನ್‌ಗೆ (ಹಳಿ ಬದಲಿಸುವ ಕೆಲಸದವನಿಗೆ) ಗೊತ್ತಿದ್ದರೂ, ಹೇಳಿದರೆ ಆ ದಿನದ ಕೂಲಿಗೆ ಕತ್ತರಿ ಬೀಳುತ್ತದೆಂದು ಸುಮ್ಮನಿದ್ದ. ಯೂರೋಪಿನ 2016/798ನೇ ನಿರ್ದೇಶನ ಪರಸ್ಪರ ನಂಬಿಕೆಯ ವಾತಾವರಣವನ್ನೂ ವರದಿ ಮಾಡಿದವರ ಗೋಪ್ಯತೆಯನ್ನೂ ಕೇಳುತ್ತದೆ. ನಮ್ಮಲ್ಲಿ ಅದು ಕಡ್ಡಾಯವಲ್ಲದಿದ್ದರೂ, ಕೂದಲೆಳೆಯಲ್ಲಿ ತಪ್ಪಿದ ಘಟನೆ ಹೇಳಿದವನಿಗೆ ದಂಡವಿಲ್ಲವೆಂದು ಗುತ್ತಿಗೆ ಕರಾರಿನಲ್ಲೇ ಸೇರಿಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಸೈಡಿಂಗ್ ಉದ್ದಕ್ಕೂ ನಡೆದೆ. ಎರಡು ಲೈನ್‌ಗಳು ಕೂಡುವಲ್ಲಿ ಬಿಳಿ ಬಣ್ಣದ ಫೌಲಿಂಗ್ ಮಾರ್ಕ್ ಅದಿರಿನ ಕೆಂಪು ಧೂಳಿನಲ್ಲಿ ಪೂರ್ತಿ ಮುಚ್ಚಿತ್ತು. ಬೂಟಿನಿಂದ ಕೆರೆದ ಮೇಲೆಯೇ ಕಂಡಿತು. ಅದನ್ನು ದಾಟಿ ವ್ಯಾಗನ್ ನಿಂತರೆ ಪಕ್ಕದ ಲೈನಿನಲ್ಲಿ ಬರುವ ಎಂಜಿನ್ ಉಜ್ಜುವುದು ಖಚಿತ. ಹಳಿ ಕಾರ್ಖಾನೆಯದು, ವ್ಯಾಗನ್ ರೈಲ್ವೆಯದು, ಜನ ನಮ್ಮವರು. ಒರೆಸುವ ಕೆಲಸ ಮೂವರ ಕಾಗದದಲ್ಲೂ ಇಲ್ಲ.

ಉತ್ತರ 1 (ಮತ್ತೆ)
ಹಾಗಿದ್ದರೆ ಮೂವರನ್ನೂ ಆ ಮಾರ್ಕ್ ಬಳಿಯೇ ಕರೆದು ನಿಲ್ಲಿಸಿ, ಜಂಟಿ ಪರಿಶೀಲನಾ ಟಿಪ್ಪಣಿ ಬರೆದು ಅಲ್ಲೇ ಸಹಿ ಹಾಕಿಸಿ. ಅದಿರಿನ ರೇಕ್ (ವ್ಯಾಗನ್‌ಗಳ ಸಾಲು) ಖಾಲಿಯಾದ ಪ್ರತಿ ಬಾರಿಯೂ ಒರೆಸಬೇಕೆಂದು ಬರೆಯಿರಿ. ‘ನಿಯತವಾಗಿ’ ಎಂದು ಬರೆದರೆ ಯಾರೂ ಒರೆಸುವುದಿಲ್ಲ.